ಇಮ್ಯುನೊಥೆರಪಿ ಕೇಳೋಕಿಂತ ಮುಂಚೆ ಒಂದು ಟೆಸ್ಟ್ ಕೇಳ್ರಿ: ದೊಡ್ಡ ಕರುಳಿನ ಕ್ಯಾನ್ಸರ್ ಟ್ರಯಲ್‌ಗಳ ಬಗ್ಗೆ ರಾಯಚೂರಿನಾಗ ಆಡಿದ ಮಾತು

ಭಾನುವಾರ ಸಂಜೆ ರಾಯಚೂರಿನಾಗ ಊರಿನ ಮಂದಿ ಮುಂದೆ ಮಾತಾಡಿದ್ದು ಇದು. ಬರಬೇಕಂದು ಬರಕ್ಕಾಗ್ಲಾರ್ದವರು ಭಾಳ ಮಂದಿ ಕೇಳಿದ್ರು ಅಂತ ರೆಕಾರ್ಡಿಂಗ್ ಕೇಳಿ ಬರ್ದೀನಿ. ಮಾತಾಡಿದಂಗೇ ಬಿಟ್ಟೀನಿ, ನಡುವೆ ಬಂದ ಪ್ರಶ್ನೆಗಳನ್ನೂ ಅದರಾಗೇ ಸೇರ್ಸೀನಿ.

ಎಲ್ಲಾರಿಗೂ ನಮಸ್ಕಾರ್ರಿ. ನಾನು ಪೆಥಾಲಜಿಸ್ಟ್. ಅಂದ್ರ ಪೇಷಂಟ್ ಮುಖ ನಾನು ನೋಡೋದು ಕಡಿಮಿ, ಅವರ ಮೈಯಾಗಿಂದ ತೆಗ್ದ ತುಣುಕು ನನ್ನ ಟೇಬಲ್‌ಗೆ ಬರ್ತದ, ಅದನ್ನ ಮೈಕ್ರೊಸ್ಕೋಪಿನಾಗ ನೋಡಿ ಕ್ಯಾನ್ಸರ್ ಹೌದೋ ಅಲ್ಲೋ, ಹೌದಂದ್ರ ಎಂಥಾದ್ದು ಅಂತ ರಿಪೋರ್ಟ್ ಬರ್ದು ಕೊಡ್ತೀನಿ. ಇವತ್ತು ಹೇಳೋದೆಲ್ಲಾ ಆ ಟೇಬಲ್ ಕಡಿಯಿಂದನೇ ಹೇಳ್ತೀನಿ, ಯಾಕಂದ್ರ ದೊಡ್ಡ ಕರುಳಿನ ಕ್ಯಾನ್ಸರಿನಾಗ ಕಳೆದ ಹತ್ತು ವರ್ಷದಾಗ ಇಮ್ಯುನೊಥೆರಪಿ ಬಗ್ಗೆ, ಅಂದ್ರ ಮೈಯಾಗಿನ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮ್ಯಾಲೆ ಬಿಡೋ ಚಿಕಿತ್ಸಿ ಬಗ್ಗೆ, ಬಂದ ದೊಡ್ಡ ದೊಡ್ಡ ಟ್ರಯಲ್‌ಗಳು (ಪೇಷಂಟ್‌ಗಳಿಗೆ ಔಷಧ ಕೊಟ್ಟು ಪರೀಕ್ಷೆ ಮಾಡಿ ನೋಡೋದು) ಆ ಟೇಬಲ್ ಮ್ಯಾಲಿನ ಎಂಎಸ್‌ಐ ಅನ್ನೋ ಒಂದು ಟೆಸ್ಟಿನ ಮ್ಯಾಲೆನೇ ನಿಂತಾವ, ಆ ಟೆಸ್ಟ್ ನಮ್ಮ ಭಾಗದಾಗ ಎಲ್ಲಾರಿಗೂ ಆಗ್ಲಿಕತ್ತಿಲ್ಲ.

2022ರ ಜೂನ್‌ನಾಗ ನಿಮ್ಮೆಲ್ಲರ ಫೋನಿಗೂ ಒಂದು ಮೆಸೇಜ್ ಬಂದಿರ್ಬೇಕು. ಅಮೆರಿಕದಾಗ ಒಂದು ಇಂಜೆಕ್ಷನ್ ಕೊಟ್ಟಾರಂತ, ಪೇಷಂಟ್ ಎಲ್ಲಾರಿಗೂ ಕ್ಯಾನ್ಸರ್ ಮಾಯ ಆಗ್ಯದಂತ, 100ಕ್ಕ 100 ಅಂತ. ಅದು ಸುಳ್ಳು ಸುದ್ದಿ ಅಲ್ರಿ, ಅರ್ಧ ಸುದ್ದಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಅನ್ನೋ ಕ್ಯಾನ್ಸರ್ ಆಸ್ಪತ್ರೆ, ಅಲ್ಲಿ ಆಂಡ್ರಿಯಾ ಸರ್ಸೆಕ್ ಮತ್ತೆ ಲೂಯಿಸ್ ಡಯಾಜ್ ಅನ್ನೋ ಡಾಕ್ಟ್ರುಗಳು, ಔಷಧದ ಹೆಸರು ಡೊಸ್ಟಾರ್ಲಿಮ್ಯಾಬ್. ಮೂರು ವಾರಕ್ಕೊಂದು ಸಲದಂಗ ಆರು ತಿಂಗಳು ಕೊಟ್ರು. 12 ಮಂದಿ ಕೋರ್ಸ್ ಮುಗಿಸಿದ್ರು, 12 ಮಂದಿಗೂ ಸ್ಕ್ಯಾನಿನಾಗ, ಸ್ಕೋಪಿನಾಗ, ಬಯಾಪ್ಸಿಯಾಗ ಗಡ್ಡಿ ಸಿಗ್ಲಿಲ್ಲ. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ, ಕೀಮೊ ಇಲ್ಲ. ಗುದನಾಳದ ಕ್ಯಾನ್ಸರ್ ಆಪರೇಷನ್ ಅಂದ್ರ ಏನಂತ ನೋಡಿದವರಿಗೆ ಗೊತ್ತದ, ಎಷ್ಟೋ ಮಂದಿಗೆ ಜೀವನಪೂರ್ತಿ ಹೊಟ್ಟಿ ಮ್ಯಾಲೆ ಚೀಲ ಹಾಕ್ಕೊಂಡು ಇರ್ಬೇಕಾಗ್ತದ, ಹಂಗಾಗಿ ಈ ಸುದ್ದಿಗೆ ಜಗತ್ತು ಕುಣಿದಿದ್ದು ತಪ್ಪಲ್ಲ.

ಆದ್ರ ಮೆಸೇಜಿನಾಗ ಬರ್ಲಾರ್ದ ಮಾತು ಏನಂದ್ರ, ಆ 12 ಮಂದಿದೂ ಗುದನಾಳದ ಕ್ಯಾನ್ಸರ್, ಎಲ್ಲಾರ್ದೂ ಎರಡು ಇಲ್ಲ ಮೂರನೇ ಸ್ಟೇಜು, ಯಾರಿಗೂ ಲಿವರ್‌ಗೆ ಲಂಗ್ಸ್‌ಗೆ ಹರಡಿದ್ದಿಲ್ಲ, ಮತ್ತೆ ಎಲ್ಲಕ್ಕಿಂತ ಮುಖ್ಯ ಅಂದ್ರ ಎಲ್ಲಾರ ಗಡ್ಡಿಯಾಗೂ ಒಂದೇ ನಮೂನಿ ಜೆನೆಟಿಕ್ ದೋಷ ಇತ್ತು. ಗುದನಾಳದ ಕ್ಯಾನ್ಸರ್ ಆದ 100 ಮಂದಿಯಾಗ 5ರಿಂದ 10 ಮಂದಿಗೆ ಅಷ್ಟೇ ಅದು ಇರ್ತದ. ಈ ಒಂದು ಸಾಲು ಬಿಟ್ಟು ಉಳಿದಿದ್ದೆಲ್ಲಾ ಫಾರ್ವರ್ಡ್ ಆಯ್ತು. ಬಾಯಿ ಕ್ಯಾನ್ಸರ್ ಇದ್ದವರು, ಎದಿ ಕ್ಯಾನ್ಸರ್ ಇದ್ದವರು, ಎಲ್ಲಾರೂ ಆ ಇಂಜೆಕ್ಷನ್ ಎಲ್ಲಿ ಸಿಗ್ತದ್ರಿ, ಹೊಲ ಮಾರಿಯಾದ್ರೂ ಕೊಡಿಸ್ತೀವಿ ಅಂತ ಕೇಳೋದು ಶುರು ಮಾಡಿದ್ರು. ನನಗ ಅವತ್ತಿನಿಂದ ಇದ್ರ ಬಗ್ಗೆ ಊರಾಗ ಕುಂತು ಮಾತಾಡ್ಬೇಕು ಅನ್ನಿಸ್ಲಿಕತ್ತಿತ್ತು.

ಆ ದೋಷ ಏನಂತ ಹೇಳ್ತೀನಿ ಕೇಳ್ರಿ. ನಮ್ಮ ಜೀವಕೋಶ ಒಂದು ಎರಡಾಗ್ಬೇಕಂದ್ರ ಒಳಗಿನ ಡಿಎನ್‌ಎ ಪೂರ್ತಿ ಕಾಪಿ ಆಗ್ಬೇಕು, ಅದು ಮುನ್ನೂರು ಕೋಟಿ ಅಕ್ಷರದ ಲೆಕ್ಕ, ಕಾಪಿ ಮಾಡೋವಾಗ ತಪ್ಪು ಆಗೇ ಆಗ್ತಾವ. ಆ ತಪ್ಪು ಹುಡುಕಿ ತಿದ್ದಲಿಕ್ಕೆ ಜೀವಕೋಶದಾಗ ಒಂದು ಪ್ರೊಟೀನ್ ತಂಡ ಅದ, ಅದ್ರಾಗ ಮುಖ್ಯವಾದ್ದು ನಾಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವು ಮಾಡೋ ಕೆಲಸಕ್ಕೆ ಮಿಸ್‌ಮ್ಯಾಚ್ ರಿಪೇರ್ ಅಂತಾರ. ನಮ್ಮ ಸಿಂಧನೂರು, ಮಾನ್ವಿ ಕಡಿ ರೈಸ್ ಮಿಲ್ಲಿನಾಗ ಸಾರ್ಟೆಕ್ಸ್ ಮಷಿನ್ ನೋಡೀರಲ್ರಿ, ಅಕ್ಕಿ ಹರ್ಕೊಂಡು ಹೋಗೋವಾಗ ಕಪ್ಪು ಕಾಳು, ಹಳದಿ ಕಾಳು ಹಿಡಿದು ಹೊರಗ ಹೊಡಿತದ. ಆ ಮಷಿನ್ ಕೆಟ್ಟು ನಿಂತ್ರ ಅಕ್ಕಿ ಬರೋದೇನೂ ನಿಲ್ಲಂಗಿಲ್ಲ, ಆದ್ರ ಚೀಲದಾಗ ಕಪ್ಪು ಕಾಳು ಸೇರ್ತಾ ಹೋಗ್ತಾವ. ಇಲ್ಲೂ ಹಂಗೇ, ರಿಪೇರಿ ತಂಡ ಕೆಟ್ಟ ಜೀವಕೋಶದಾಗ ತಪ್ಪು ಮ್ಯಾಲೆ ತಪ್ಪು ಸೇರ್ತದ. ಒಂದೇ ಅಕ್ಷರ ಸಾಲಾಗಿ ತಿರುತಿರುಗಿ ಬರೋ ಜಾಗ ಇರ್ತಾವ ಡಿಎನ್‌ಎ ಒಳಗ, ಅವಕ್ಕ ಮೈಕ್ರೊಸ್ಯಾಟಲೈಟ್ ಅಂತಾರ, ಅಲ್ಲಿ ಕಾಪಿ ಜಾರೋದು ಜಾಸ್ತಿ, ಹಂಗಾಗಿ ತಿದ್ದೋರು ಇಲ್ಲಂದ್ರ ಅವುಗಳ ಉದ್ದನೇ ಏರುಪೇರು ಆಗ್ತದ. 1993ರಾಗ ಇದನ್ನ ದೊಡ್ಡ ಕರುಳಿನ ಕ್ಯಾನ್ಸರಿನಾಗ ಗುರುತಿಸಿದ್ರು. ರಿಪೋರ್ಟಿನಾಗ ಎಂಎಸ್‌ಐ ಹೈ (ಮೈಕ್ರೊಸ್ಯಾಟಲೈಟ್ ಏರುಪೇರು ಜಾಸ್ತಿ) ಅಂತಾನೋ ಡಿಎಂಎಂಆರ್ (ಮಿಸ್‌ಮ್ಯಾಚ್ ರಿಪೇರ್ ಕೆಟ್ಟದ) ಅಂತಾನೋ ಬರ್ದಿದ್ರ ಎರಡೂ ಇದೇ ಮಾತು ಅಂತ ತಿಳ್ಕೋರಿ.

ದೊಡ್ಡ ಕರುಳಿನ ಕ್ಯಾನ್ಸರ್ ಆದ 100 ಮಂದಿಯಾಗ ಸುಮಾರು 15 ಮಂದಿಗೆ ಇದು ಇರ್ತದ. ಆದ್ರ ಕ್ಯಾನ್ಸರ್ ಬ್ಯಾರೆ ಅಂಗಕ್ಕ ಹರಡಿದವರನ್ನಷ್ಟೇ ತಗೊಂಡ್ರ 4ರಿಂದ 5 ಮಂದಿ ಅಷ್ಟೇ. ಯಾಕ ಕಡಿಮಿ ಆಯ್ತು? ಇದೇ ಇದ್ರಾಗಿನ ಸ್ವಾರಸ್ಯ ಇರೋದು. ತಪ್ಪು ತುಂಬಿದ ಡಿಎನ್‌ಎಯಿಂದ ತಪ್ಪು ಪ್ರೊಟೀನ್ ಹುಟ್ತಾವ, ಅವು ಮೈಗೆ ಹೊಸಾವು, ಹಂಗಾಗಿ ನಮ್ಮ ರೋಗನಿರೋಧಕ ಶಕ್ತಿ, ಅದ್ರಾಗೂ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳು, ಈ ಗಡ್ಡಿನ ಜಲ್ದಿ ಗುರುತು ಹಿಡೀತಾವ. ಮೈಕ್ರೊಸ್ಕೋಪಿನಾಗ ನಮಗ ಇದು ಕಣ್ಣಿಗೇ ಕಾಣ್ತದ, ಗಡ್ಡಿ ತುಂಬಾ ಟಿ ಸೆಲ್ ಮುತ್ತಿಕೊಂಡಿರ್ತಾವ. ಅಂದ್ರ ಮೈ ತಾನೇ ಹೊಡದಾಡ್ಲಿಕತ್ತದ, ಹರಡೋದು ಕಡಿಮಿ ಆಗ್ಯದ. ಹಂಗಿದ್ರ ಗಡ್ಡಿ ಯಾಕ ಕರಗ್ಲಿಲ್ಲ ಅಂದ್ರ, ಟಿ ಸೆಲ್ ಮ್ಯಾಲೆ ಪಿಡಿ-1 ಅನ್ನೋ ಪ್ರೊಟೀನ್ ಇರ್ತದ, ಅದಕ್ಕ ಕ್ಯಾನ್ಸರ್ ಜೀವಕೋಶದ ಮ್ಯಾಲಿನ ಪಿಡಿ-ಎಲ್1 ಅನ್ನೋ ಪ್ರೊಟೀನ್ ಬಂದು ಅಂಟಿದ್ರ ಟಿ ಸೆಲ್ ಸುಮ್ಮನಾಗಿಬಿಡ್ತದ, ಕ್ಯಾನ್ಸರ್ ಈ ದಾರಿ ಕಲ್ತುಕೊಂಡಿರ್ತದ. ಪಿಡಿ-1 ಅನ್ನ 1992ರಾಗ ಜಪಾನಿನ ತಸುಕು ಹೊಂಜೊ ಅವರ ಲ್ಯಾಬಿನಾಗ ಕಂಡುಹಿಡಿದ್ರು, ಟಿ ಸೆಲ್ ಸುಮ್ಮನಾಗಿಸೋ ಸಿಟಿಎಲ್‌ಎ-4 ಅನ್ನೋ ಇನ್ನೊಂದು ಪ್ರೊಟೀನಿನ ಮ್ಯಾಲೆ ಅಮೆರಿಕದ ಜೇಮ್ಸ್ ಆಲಿಸನ್ ಕೆಲಸ ಮಾಡಿದ್ರು, 2018ರಾಗ ಇಬ್ಬರಿಗೂ ಸೇರಿ ನೊಬೆಲ್ ಬಂತು. ಇವತ್ತು ಇಮ್ಯುನೊಥೆರಪಿ ಅಂತ ಕೊಡೋ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್, ಡೊಸ್ಟಾರ್ಲಿಮ್ಯಾಬ್ ಇವೆಲ್ಲಾ ಆ ಪಿಡಿ-1 ಮ್ಯಾಲೆ ಕುಂತು ಅಂಟಲಾರ್ದಂಗ ಮಾಡೋ ಔಷಧಗಳು. ಇವು ಕ್ಯಾನ್ಸರನ್ನ ನೇರವಾಗಿ ಕೊಲ್ಲಂಗಿಲ್ಲ, ಕೊಲ್ಲೋದು ನಮ್ಮ ಟಿ ಸೆಲ್‌ಗಳೇ. ಇದು ನೆನಪಿಟ್ಕೋರಿ, ಸೈಡ್ ಎಫೆಕ್ಟ್ ಬಗ್ಗೆ ಹೇಳೋವಾಗ ಬೇಕಾಗ್ತದ.

ಈಗ ಟ್ರಯಲ್‌ಗಳ ಕತಿ. ಮೊದಮೊದಲು ಈ ಔಷಧ ದೊಡ್ಡ ಕರುಳಿನ ಕ್ಯಾನ್ಸರ್ ಪೇಷಂಟ್‌ಗಳಿಗೂ ಕೊಟ್ಟು ನೋಡಿದ್ರು, 33 ಮಂದಿಯಾಗ ಒಬ್ಬರಿಗೆ ಅಷ್ಟೇ ಕೆಲಸ ಮಾಡ್ತು. ಬ್ಯಾರೆ ಯಾರಾದ್ರೂ ಆಗಿದ್ರ ಈ ಕ್ಯಾನ್ಸರಿಗೆ ಇದು ಆಗಂಗಿಲ್ಲ ಅಂತ ಫೈಲ್ ಮುಚ್ಚಿಬಿಡ್ತಿದ್ರೇನೋ. ಆದ್ರ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನವರು ಆ ಒಬ್ಬರಿಗೆ ಯಾಕ ಆಯ್ತು ಅಂತ ಕೇಳಿದ್ರು. ಆ ಒಬ್ಬರ ಗಡ್ಡಿ ಟೆಸ್ಟ್ ಮಾಡಿದ್ರ ಎಂಎಸ್‌ಐ ಹೈ. ಅಲ್ಲಿಂದ ಡಂಗ್ ಲೆ, ಲೂಯಿಸ್ ಡಯಾಜ್ ಮತ್ತವರ ತಂಡ ಒಂದು ಸಣ್ಣ ಟ್ರಯಲ್ ಮಾಡಿ 2015ರಾಗ ಬರ್ದ್ರು: ದೋಷ ಇದ್ದ ಕರುಳಿನ ಕ್ಯಾನ್ಸರ್ 10 ಮಂದಿಯಾಗ 4 ಮಂದಿಗೆ ಗಡ್ಡಿ ಕುಗ್ಗಿತು, ದೋಷ ಇಲ್ದ 18 ಮಂದಿಯಾಗ ಒಬ್ಬರಿಗೂ ಇಲ್ಲ, ಸೊನ್ನಿ. ಗಡ್ಡಿಯೊಳಗಿನ ಮ್ಯುಟೇಷನ್, ಅಂದ್ರ ಡಿಎನ್‌ಎ ತಪ್ಪು, ಎಣಿಸಿದ್ರ ಮೊದಲನೇದ್ರಾಗ ಸರಾಸರಿ 1,782, ಎರಡನೇದ್ರಾಗ 73. ನನಗ ಇವತ್ತಿಗೂ ಈ ಪೇಪರ್ ಓದಿದ್ರ ಮೈ ಜುಮ್ ಅಂತದ, ಯಾಕಂದ್ರ ಎಷ್ಟು ಮಂದಿಗೆ ಫೇಲ್ ಆಯ್ತು ಅನ್ನೋದ್ರಾಗ ಕಣ್ಣು ನಿಲ್ಲಿಸ್ದೆ ಒಬ್ಬರಿಗೆ ಯಾಕ ಪಾಸಾಯ್ತು ಅಂತ ಹಿಂದ ಬಿದ್ದು ಕಂಡುಕೊಂಡಾರ. 2017ರ ಮೇ ತಿಂಗಳಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪೆಂಬ್ರೊಲಿಜುಮ್ಯಾಬ್‌ಗೆ ಒಪ್ಪಿಗಿ ಕೊಡ್ತು, ಕ್ಯಾನ್ಸರ್ ಕರುಳಿಂದೋ ಗರ್ಭಕೋಶದ್ದೋ ಹೊಟ್ಟಿದೋ ಅಂತ ನೋಡ್ಲಾರ್ದ ಗಡ್ಡಿಯಾಗ ಈ ದೋಷ ಅದ ಅಂದ್ರ ಸಾಕು ಅಂತ, ಹಂಗ ಅಂಗ ಬಿಟ್ಟು ಗುರುತು ಹಿಡಿದು ಒಪ್ಪಿಗಿ ಕೊಟ್ಟಿದ್ದು ಅದೇ ಮೊದಲು.

10 ಮಂದಿ, 12 ಮಂದಿ ಟ್ರಯಲ್ ಆಶಾ ಹುಟ್ಟಿಸ್ತದ, ಆದ್ರ ನಡೀತಿರೋ ಚಿಕಿತ್ಸಿ ಬದಲು ಮಾಡ್ಬೇಕಂದ್ರ ಹಳೇ ಚಿಕಿತ್ಸಿ ಜೊತಿಗೆ ಹೋಲಿಸಿ ನೋಡ್ಬೇಕು, ಯಾರಿಗೆ ಯಾವುದು ಅಂತ ಡಾಕ್ಟ್ರು ಆರಿಸಬಾರ್ದು, ಲಾಟರಿ ಎತ್ತಿದಂಗ ಕಂಪ್ಯೂಟರ್ ಆರಿಸ್ಬೇಕು. ಹಂಗ ಮಾಡಿದ್ದು ಕೀನೋಟ್-177. ಹರಡಿದ ಕ್ಯಾನ್ಸರ್, ದೋಷ ಇದ್ದವರು, 307 ಮಂದಿ, ಅರ್ಧ ಮಂದಿಗೆ ಪೆಂಬ್ರೊಲಿಜುಮ್ಯಾಬ್, ಅರ್ಧ ಮಂದಿಗೆ ಕೀಮೊ. 2020ರಾಗ ರಿಸಲ್ಟ್ ಬಂತು. ರೋಗ ಮುಂದುವರೀಲಾರ್ದ ನಿಂತ ಕಾಲ ಕೀಮೊದವರಿಗೆ ಮಧ್ಯಮ ಲೆಕ್ಕದಾಗ 8.2 ತಿಂಗಳು, ಇಮ್ಯುನೊಥೆರಪಿಯವರಿಗೆ 16.5 ತಿಂಗಳು. ಚಿಕಿತ್ಸಿಯಿಂದನೇ ಬಂದ ಗಂಭೀರ ತೊಂದ್ರಿ ಕೀಮೊದಾಗ 100ಕ್ಕ 66 ಮಂದಿಗೆ, ಇದ್ರಾಗ 22 ಮಂದಿಗೆ. ಭಾಳ ಛಲೋ ರಿಸಲ್ಟ್, ಚಿಕಿತ್ಸಿ ಬದಲಾಯ್ತು.

ಆದ್ರ ಅದೇ ಪೇಪರಿನಾಗ ಇನ್ನೊಂದು ನಂಬರ್ ಅದ, ಅದನ್ನ ಯಾರೂ ಫಾರ್ವರ್ಡ್ ಮಾಡಂಗಿಲ್ಲ. ಇಮ್ಯುನೊಥೆರಪಿ ತಗೊಂಡವರಾಗ 29.4 ಪರ್ಸೆಂಟ್ ಮಂದಿಗೆ ಮೊದಲಿಂದನೂ ಔಷಧ ಹತ್ಲೇ ಇಲ್ಲ, ರೋಗ ಹಂಗೇ ಬೆಳೀತು. ಕೀಮೊದಾಗ ಹಂಗಾಗಿದ್ದು 12.3 ಪರ್ಸೆಂಟ್. ಅಂದ್ರ ಮೊದಲ ಕೆಲವು ತಿಂಗಳು ನೋಡಿದ್ರ ಕೀಮೊನೇ ಮ್ಯಾಲೆ ಇತ್ತು, ಆಮ್ಯಾಲೆ ಗ್ರಾಫಿನಾಗ ಎರಡರ ಗೆರಿ ಅಡ್ಡ ದಾಟಿ ಇಮ್ಯುನೊಥೆರಪಿ ಮುಂದ ಹೋಗ್ಯದ. ಯಾರಿಗೆ ಹತ್ತಿತೋ ಅವರಿಗೆ ವರ್ಷಗಟ್ಲೆ ಹತ್ತಿತು, ಹತ್ಲಾರ್ದವರಿಗೆ ಶುರುವಿನಾಗೇ ಕೈಕೊಡ್ತು. ಒಟ್ಟು ಎಷ್ಟು ದಿನ ಬದುಕಿದ್ರು ಅನ್ನೋ ಲೆಕ್ಕದಾಗ ಇಮ್ಯುನೊಥೆರಪಿ ಗುಂಪೇ ಮ್ಯಾಲಿದ್ರೂ ಇದು ಆಕಸ್ಮಿಕ ಅಲ್ಲ ಅಂತ ಸ್ಟ್ಯಾಟಿಸ್ಟಿಕ್ಸಿನಾಗ ಪಕ್ಕಾ ಹೇಳೋ ಮಟ್ಟ ಮುಟ್ಲಿಲ್ಲ, ಅದಕ್ಕ ಒಂದು ದೊಡ್ಡ ಕಾರಣ ಕೀಮೊ ಗುಂಪಿನ 100ಕ್ಕ 60 ಮಂದಿ ಆಮ್ಯಾಲೆ ಇದೇ ತರದ ಔಷಧ ತಗೊಂಡಿದ್ದು.

ಆ ಹತ್ಲಾರ್ದವರಿಗೆ ಯಾಕ ಹತ್ಲಿಲ್ಲ? ಎಲ್ಲಾ ಕಾರಣ ಒಂದೇ ಅಲ್ಲ, ಆದ್ರ ಫ್ರಾನ್ಸಿನವರು 2019ರಾಗ ಒಂದು ಕೆಲಸ ಮಾಡಿದ್ರು, ಅದು ನನ್ನಂಥವರ ನಿದ್ದಿ ಕೆಡಿಸೋ ಕೆಲಸ. ಡಿಎಂಎಂಆರ್ ಅಂತ ಹೇಳಿ ಇಮ್ಯುನೊಥೆರಪಿ ಟ್ರಯಲಿಗೆ ಸೇರಿದ್ದ 38 ಮಂದಿಯಾಗ 5 ಮಂದಿಗೆ ಮೊದಲಿಂದನೇ ಔಷಧ ಹತ್ತಿದ್ದಿಲ್ಲ. ಆ ಐದೂ ಮಂದಿ ಗಡ್ಡಿನ ಮತ್ತ ಟೆಸ್ಟ್ ಮಾಡಿ ನೋಡಿದ್ರ ಮೂರು ಮಂದಿಗೆ ಆ ದೋಷನೇ ಇದ್ದಿಲ್ಲ! ಔಷಧ ಸೋತಿದ್ದಲ್ಲ, ಟೆಸ್ಟ್ ತಪ್ಪಾಗಿತ್ತು. ಫ್ರಾನ್ಸಿನಾಗ ಹಂಗಾದ್ರ ನಮ್ಮಲ್ಲಿ ಎಷ್ಟು ಎಚ್ಚರ ಇರ್ಬೇಕು ನೀವೇ ಹೇಳ್ರಿ.

ಹಂಗಾಗಿ ಟೆಸ್ಟ್ ಹೆಂಗ ಮಾಡ್ತೀವಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬಯಾಪ್ಸಿ ತುಣುಕನ್ನ ಫಾರ್ಮಲಿನ್‌ನಾಗ ಹಾಕಿ ಗಟ್ಟಿ ಮಾಡಿ, ಆಮ್ಯಾಲೆ ಮೇಣದಾಗ ಕೂಡ್ಸಿ ಒಂದು ಸಣ್ಣ ಬಿಲ್ಲೆ ಮಾಡ್ತೀವಿ, ಅದಕ್ಕ ಬ್ಲಾಕ್ ಅಂತೀವಿ. ಅದರಿಂದ ತೆಳ್ಳಗ ಕೊಯ್ದು ಗ್ಲಾಸಿಗೆ ಅಂಟಿಸಿದ್ರ ಸ್ಲೈಡ್. ಆ ನಾಕು ಪ್ರೊಟೀನಿಗೆ ನಾಕು ಬ್ಯಾರೆ ಬ್ಯಾರೆ ಆ್ಯಂಟಿಬಾಡಿ ಹಾಕಿ ಬಣ್ಣ ಬರಿಸ್ತೀವಿ, ಇದಕ್ಕ ಐಎಚ್‌ಸಿ ಅಂತಾರ. ಪ್ರೊಟೀನ್ ಇದ್ರ ಜೀವಕೋಶದ ನಡುವಿನ ನ್ಯೂಕ್ಲಿಯಸ್ ಕಂದು ಬಣ್ಣ ಆಗ್ತದ, ಇಲ್ಲಂದ್ರ ಆಗಂಗಿಲ್ಲ. ಇಲ್ಲೇ ತಪ್ಪಾಗೋದು. ಗಡ್ಡಿ ಜೀವಕೋಶಕ್ಕ ಬಣ್ಣ ಬಂದಿಲ್ಲ ಅಂದ ಮಾತ್ರಕ್ಕ ದೋಷ ಅದ ಅಂತ ಬರೀಬಾರ್ದು, ಅದರ ಪಕ್ಕದಾಗಿರೋ ಪೇಷಂಟಿನ ಸಾದಾ ಜೀವಕೋಶಗಳಿಗೆ ಬಣ್ಣ ಬಂದದೋ ಇಲ್ಲೋ ನೋಡ್ಬೇಕು. ಅವಕ್ಕೂ ಬಂದಿಲ್ಲಂದ್ರ ಟೆಸ್ಟೇ ಫೇಲ್ ಆಗ್ಯದ ಅಂತ ಅರ್ಥ. ಯಾಕ ಫೇಲ್ ಆಗ್ತದ? ಹೆಚ್ಚಿನ ಸಲ ತುಣುಕು ಸರಿ ಇಡ್ಲಾರ್ದಕ್ಕ. ನಮ್ಮ ರಾಯಚೂರಿನಾಗ ಏಪ್ರಿಲ್ ಮೇದಾಗ 42 ಡಿಗ್ರಿ ಬಿಸಿಲು, ಆಪರೇಷನ್ ಆದ ಕರುಳಿನ ತುಂಡನ್ನ ಸಲೈನಿನಾಗ ಹಾಕಿ ಡಬ್ಬಿ ಕೊಟ್ಟು, ಮನಿಯವರು ಅದನ್ನ ಹಿಡ್ಕೊಂಡು ಬಸ್ಸಿನಾಗ ಬರ್ತಾರ, ಅಷ್ಟರಾಗ ಅದು ಹಳಸಿರ್ತದ. ತುಣುಕಿನ ಹತ್ತು ಪಟ್ಟು ಫಾರ್ಮಲಿನ್ ಇರ್ಬೇಕು, ಕರುಳು ಸೀಳಿ ಹಾಕಿರ್ಬೇಕು, ಸಲೈನೂ ಬ್ಯಾಡ, ಸ್ಪಿರಿಟೂ ಬ್ಯಾಡ. ಆಪರೇಷನ್ ಥಿಯೇಟರ್ ಹೊರಗ ಡಬ್ಬಿ ಕೈಗೆ ಕೊಟ್ಟಾಗ ಇದು ಫಾರ್ಮಲಿನ್ ಹೌದೇನ್ರಿ ಅಂತ ಕೇಳ್ರಿ, ಕೇಳೋದ್ರಾಗ ತಪ್ಪಿಲ್ಲ.

ಇನ್ನೊಂದು ಸೂಕ್ಷ್ಮ ಏನಂದ್ರ ಗುದನಾಳದ ಕ್ಯಾನ್ಸರಿನಾಗ ಕೀಮೊ, ರೇಡಿಯೇಷನ್ ಆದಮ್ಯಾಲೆ ತೆಗ್ದ ತುಂಡಿನಾಗ ಎಂಎಸ್‌ಎಚ್6 ಬಣ್ಣ ಕಡಿಮಿ ಕಾಣೋದುಂಟು, ಹಂಗಾಗಿ ಚಿಕಿತ್ಸಿ ಶುರು ಆಗೋಕಿಂತ ಮುಂಚಿನ ಬಯಾಪ್ಸಿ ಮ್ಯಾಲೇ ಟೆಸ್ಟ್ ಮಾಡೋದು ಛಲೋ. ರಿಪೋರ್ಟ್ ಡೌಟ್ ಇದ್ರ ಪಿಸಿಆರ್ ಅಂತ ಇನ್ನೊಂದು ದಾರಿ ಅದ, ಆ ಮೈಕ್ರೊಸ್ಯಾಟಲೈಟ್ ಉದ್ದನ್ನೇ ಅಳೆಯೋದು. ಎರಡೂ ಒಂದೇ ಹೇಳಿದ್ರ ಧೈರ್ಯ.

ಮುಂದಿನ ಟ್ರಯಲ್‌ಗಳನ್ನ ಜಲ್ದಿ ಹೇಳಿಬಿಡ್ತೀನಿ, ಇವೆಲ್ಲಾ ದೋಷ ಇದ್ದವರ ಮ್ಯಾಲೇ ಮಾಡಿದ್ದು. ಚೆಕ್‌ಮೇಟ್ 8ಎಚ್‌ಡಬ್ಲ್ಯು ಅನ್ನೋದ್ರಾಗ ನಿವೊಲುಮ್ಯಾಬ್ ಜೊತಿಗೆ ಸಿಟಿಎಲ್‌ಎ-4 ತಡೆಯೋ ಇಪಿಲಿಮುಮ್ಯಾಬ್ ಸೇರಿಸಿ ಎರಡು ಔಷಧ ಕೊಟ್ರು, ಹರಡಿದ ಕ್ಯಾನ್ಸರಿನಾಗೇ, ಎರಡು ವರ್ಷ ಆದಮ್ಯಾಲೆ ರೋಗ ಮುಂದುವರೀಲಾರ್ದ ಇದ್ದವರು 100ಕ್ಕ 72, ಕೀಮೊದಾಗ 14. 2024ರಾಗ ಬಂದದ ಇದು. ಇಲ್ಲಿ ಒಂದು ವಿಷಯ ನನಗ ಭಾಳ ಹಿಡಿಸ್ತು, ಆಸ್ಪತ್ರೆಯಾಗ ಮಾಡಿದ ಟೆಸ್ಟ್ ನಂಬಿ ಸುಮ್ಮನಿರ್ಲಿಲ್ಲ, ಒಂದು ಕೇಂದ್ರ ಲ್ಯಾಬಿನಾಗ ಮತ್ತ ಟೆಸ್ಟ್ ಮಾಡ್ಸಿ ದೋಷ ಪಕ್ಕಾ ಆದವರದ್ದೇ ಮುಖ್ಯ ಲೆಕ್ಕ ಮಾಡಿದ್ರು. ನೆದರ್ಲೆಂಡ್ಸಿನ ಮಿರಿಯಮ್ ಶಲಾಬಿ ಮತ್ತವರ ತಂಡದ ನಿಚೆ-2 ಇನ್ನೂ ಬ್ಯಾರೆ, ಅದು ಹರಡಲಾರ್ದ ಕೋಲನ್ ಕ್ಯಾನ್ಸರ್ (ಕೋಲನ್ ಅಂದ್ರ ಗುದನಾಳಕ್ಕಿಂತ ಮ್ಯಾಲಿನ ದೊಡ್ಡ ಕರುಳು), ಆಪರೇಷನ್‌ಗಿಂತ ಮುಂಚೆ ನಾಕು ವಾರದ ಒಳಗ ಬರೀ ಎರಡು ಸಲ ನಿವೊಲುಮ್ಯಾಬ್, ಒಂದು ಸಲ ಇಪಿಲಿಮುಮ್ಯಾಬ್. ಆಮ್ಯಾಲೆ ಆಪರೇಷನ್ ಮಾಡಿ ತೆಗ್ದ ಕರುಳನ್ನ ಪೆಥಾಲಜಿಸ್ಟ್ ನೋಡಿದ್ರ 111 ಮಂದಿಯಾಗ 68 ಪರ್ಸೆಂಟ್ ಮಂದಿಗೆ ಒಂದು ಕ್ಯಾನ್ಸರ್ ಜೀವಕೋಶನೂ ಉಳಿದಿದ್ದಿಲ್ಲ. ಮೂರು ವರ್ಷದ ತನಕ ಯಾರಿಗೂ ತಿರುಗಿ ಬಂದಿದ್ದಿಲ್ಲ. ಆಪರೇಷನ್ ಆದಮ್ಯಾಲೆ ಕೊಡೋ ಕೀಮೊ ಜೊತಿಗೆ ಪಿಡಿ-ಎಲ್1 ತಡೆಯೋ ಅಟೆಜೊಲಿಜುಮ್ಯಾಬ್ ಸೇರಿಸಿದ ಅಟಾಮಿಕ್ ಟ್ರಯಲ್ 2025ರಾಗ ಹೇಳಿದ್ರು, ಮೂರನೇ ಸ್ಟೇಜಿನ 712 ಮಂದಿ, ಮೂರು ವರ್ಷಕ್ಕ ರೋಗ ಇಲ್ದೆ ಇದ್ದವರು 86.4 ಪರ್ಸೆಂಟ್, ಬರೀ ಕೀಮೊದಾಗ 76.6. ಮತ್ತೆ ಆ ನ್ಯೂಯಾರ್ಕಿನ 12 ಮಂದಿ ಲೆಕ್ಕ 2025ರಾಗ 49ಕ್ಕ ಏರ್ಯದ, 49 ಮಂದಿ ಗುದನಾಳದ ಪೇಷಂಟಿಗೂ ಗಡ್ಡಿ ಪೂರ್ತಿ ಹೋಗ್ಯದ.

ಇಲ್ಲಿ ಒಬ್ಬರು ಅಕ್ಕಾರು ಎದ್ದು ಕೇಳಿದ್ರು, ಹಂಗಾದ್ರ ದೋಷ ಇಲ್ದವರಿಗೆ ಏನ್ರಿ ಸರ್, ಅವರು ಹೆಚ್ಚು ಮಂದಿ ಅಲ್ಲೇನ್ರಿ ಅಂತ. ಹೌದ್ರಿ ಅಕ್ಕಾ, ಹರಡಿದವರಾಗ 100ಕ್ಕ 95 ಮಂದಿ ಅವರೇ. ಅವರಿಗೆ ಈ ಪಿಡಿ-1 ಔಷಧ ಒಂದನ್ನೇ ಕೊಟ್ರ ಹೆಚ್ಚುಕಡಿಮಿ ಏನೂ ಆಗಂಗಿಲ್ಲ, 18ಕ್ಕ ಸೊನ್ನಿ ಅಂತ ಹೇಳಿದ್ನಲ್ಲ. ಪಿಒಎಲ್‌ಇ ಅನ್ನೋ ಜೀನಿನಾಗ ಒಂದು ನಮೂನಿ ದೋಷ ಇದ್ದ ಭಾಳ ಕಡಿಮಿ ಮಂದಿ ಬಿಟ್ರ ಉಳಿದವರಿಗೆ ಕೀಮೊ, ಆಪರೇಷನ್, ಅವರವರ ಜೀನ್ ನೋಡಿ ಕೊಡೋ ಬ್ಯಾರೆ ಔಷಧ ಇವೇ ದಾರಿ. ಹೊಸ ಹೊಸ ಜೋಡಿ ಟ್ರಯಲ್ ನಡದಾವ, ಆದ್ರ ಇವತ್ತಿನ ಮಟ್ಟಿಗೆ ನಾನು ನಿಮ್ಗ ಸುಳ್ಳು ಧೈರ್ಯ ಹೇಳಂಗಿಲ್ಲ. ಒಂದು ಡೋಸಿಗೆ ಲಕ್ಷದ ಲೆಕ್ಕ ಬರೋ ಔಷಧ ಇದು. ಎಂಎಸ್‌ಐ ಟೆಸ್ಟ್ ಮಾಡ್ಸಲಾರ್ದ ಕರುಳಿನ ಕ್ಯಾನ್ಸರಿಗೆ ಇಮ್ಯುನೊಥೆರಪಿ ಹಾಕೋಣು ಅಂತ ಯಾರಾದ್ರೂ ಹೇಳಿದ್ರ, ಅವರು ಎಷ್ಟೇ ದೊಡ್ಡ ಆಸ್ಪತ್ರೆಯವರಿರ್ಲಿ, ರಿಪೋರ್ಟ್ ಎಲ್ರಿ ಅಂತ ಕೇಳ್ರಿ. ನೆರೆಹೊರೆಯವರ ಪೇಷಂಟಿಗೆ ಆರಾಮಾಯ್ತು ಅಂತ ಎರಡು ಎಕರೆ ನೀರಾವರಿ ಹೊಲ ಮಾರಿ ಔಷಧ ತರ್ಸಿದ ಮನಿಗಳು ಈ ಜಿಲ್ಲೆಯಾಗ ಅದಾವ, ಆ ಮನಿಯವರಿಗೆ ಮೊದ್ಲೇ ಒಂದು ಐಎಚ್‌ಸಿ ಆಗಿದ್ರ ಹೊಲ ಆದ್ರೂ ಉಳೀತಿತ್ತು.

ಟೆಸ್ಟಿನ ಲಾಭ ಇಮ್ಯುನೊಥೆರಪಿ ಕೊಂಡ್ಕೊಳ್ಳೋ ಶಕ್ತಿ ಇದ್ದವರಿಗಷ್ಟೇ ಅಂತ ತಿಳ್ಕೋಬ್ಯಾಡ್ರಿ. ಎರಡನೇ ಸ್ಟೇಜಿನಾಗ ಆಪರೇಷನ್ ಆಗಿ ಈ ದೋಷ ಇದ್ರ ಅವರು ಸಾಮಾನ್ಯವಾಗಿ ಆರಾಮಿರ್ತಾರ, 5-ಎಫ್‌ಯು ಅನ್ನೋ ಕೀಮೊ ಒಂದನ್ನೇ ಕೊಡೋದ್ರಿಂದ ಅವರಿಗೆ ಉಪಯೋಗ ಇಲ್ಲ. ಅಂದ್ರ ಟೆಸ್ಟಿನಿಂದ ಆರು ತಿಂಗಳ ಕೀಮೊ, ಅದರ ಓಡಾಟ ಎಲ್ಲಾ ಉಳೀಬಹುದು. ಹಂಗಾಗಿ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಬಂದ ಎಲ್ಲಾರಿಗೂ, ವಯಸ್ಸು ಎಷ್ಟೇ ಇರ್ಲಿ, ಈ ಟೆಸ್ಟ್ ಆಗ್ಬೇಕು ಅಂತ ಈಗಿನ ಗೈಡ್‌ಲೈನ್ಸ್ ಹೇಳ್ತಾವ.

ಸೈಡ್ ಎಫೆಕ್ಟ್ ಮಾತಿಗೆ ಬರ್ತೀನಿ, ಇದು ನಮ್ಮ ಊರಿನ ಡಾಕ್ಟ್ರುಗಳೂ ಕೇಳ್ಬೇಕು. ನಮ್ಮ ಪೇಷಂಟ್‌ಗಳು ಹೈದರಾಬಾದಿಗೋ ಬೆಂಗಳೂರಿಗೋ ಬಾರ್ಶಿಗೋ ಹೋಗಿ ಇಂಜೆಕ್ಷನ್ ತಗೊಂಡು ಟ್ರೇನ್ ಹತ್ತಿ ವಾಪಸ್ ಬರ್ತಾರ. ಕೂದ್ಲು ಉದುರಂಗಿಲ್ಲ, ವಾಂತಿ ಆಗಂಗಿಲ್ಲ, ಆರಾಮ ಅದಾರ ಅನ್ನಿಸ್ತದ. ಆದ್ರ ಟಿ ಸೆಲ್ ಎಚ್ಚರ ಆಗ್ಯಾವ, ಅವು ಒಮ್ಮೊಮ್ಮೆ ನಮ್ಮ ಸ್ವಂತ ಅಂಗದ ಮ್ಯಾಲೇ ಬೀಳ್ತಾವ. ಕರುಳಿನ ಮ್ಯಾಲೆ ಬಿದ್ರ ಜುಲಾಬು, ಲಂಗ್ಸ್ ಮ್ಯಾಲೆ ಬಿದ್ರ ಕೆಮ್ಮು ದಮ್ಮು, ಥೈರಾಯ್ಡ್, ಲಿವರ್, ಭಾಳ ಅಪರೂಪಕ್ಕ ಹೃದಯ. ಎರಡು ತಿಂಗಳಾದ್ಮ್ಯಾಲೂ ಬರಬಹುದು, ಔಷಧ ನಿಲ್ಲಿಸಿದ್ಮ್ಯಾಲೂ ಬರಬಹುದು. ಇಲ್ಲಿ ಬಂದು ದಿನಕ್ಕ ಏಳೆಂಟು ಸಲ ಜುಲಾಬು ಆದ್ರ ನಾವೇನಂತೀವಿ? ಬಿಸಿಲು ಹತ್ಯದ, ನೀರು ಬದಲಾಗ್ಯದ ಅಂತೀವಿ, ಎರಡು ಬಾಟ್ಲಿ ಸಲೈನ್, ಆ್ಯಂಟಿಬಯೋಟಿಕ್. ಇದಕ್ಕ ಬೇಕಾಗಿದ್ದು ಸ್ಟೀರಾಯ್ಡ್, ಅದೂ ಜಲ್ದಿ, ಮತ್ತೆ ಇಂಜೆಕ್ಷನ್ ಕೊಟ್ಟ ಡಾಕ್ಟ್ರಿಗೆ ಒಂದು ಫೋನ್. ತಡ ಮಾಡಿದ್ರ ಕರುಳು ತೂತು ಬಿದ್ದು ಜೀವ ಹೋಗಬಹುದು. ಅದಕ್ಕ ಇಮ್ಯುನೊಥೆರಪಿ ತಗೊಂಡವರು ಔಷಧದ ಹೆಸರು, ತಾರೀಖು, ಡಾಕ್ಟ್ರ ನಂಬರ್ ಒಂದು ಕಾರ್ಡಿನ ಮ್ಯಾಲೆ ಬರ್ದು ಪಾಕೀಟಿನಾಗ ಇಟ್ಕೋರಿ, ಊರಾಗಿನ ಯಾವ ಡಾಕ್ಟ್ರ ಕಡಿ ಹೋದ್ರೂ ಮೊದ್ಲು ಅದನ್ನ ತೋರ್ಸ್ರಿ. ಹಿಂದ ಟಿಬಿ ಆಗಿದ್ರ ಅದನ್ನೂ ಔಷಧ ಶುರು ಮಾಡೋಕಿಂತ ಮುಂಚೆ ಹೇಳ್ರಿ, ಮಲಗಿದ್ದ ಟಿಬಿ ಎದ್ದಿದ್ದುಂಟು.

ಇನ್ನು ಮನಿತನದ ಮಾತು. ಈ ದೋಷ ಹೆಚ್ಚು ಮಂದಿಗೆ ವಯಸ್ಸಾದಮ್ಯಾಲೆ ಗಡ್ಡಿಯೊಳಗಷ್ಟೇ ಆಗಿರ್ತದ, ಎಂಎಲ್‌ಎಚ್1 ಜೀನ್ ಬಂದ್ ಆಗಿ, ಅದು ಮಕ್ಕಳಿಗೆ ಹೋಗಂಗಿಲ್ಲ. ಆದ್ರ ಕೆಲವು ಮನಿತನದಾಗ ಹುಟ್ಟಿನಿಂದನೇ ಬರ್ತದ, ಅದಕ್ಕ ಲಿಂಚ್ ಸಿಂಡ್ರೋಮ್ ಅಂತಾರ, ಎಲ್ಲಾ ದೊಡ್ಡ ಕರುಳಿನ ಕ್ಯಾನ್ಸರಿನಾಗ 100ಕ್ಕ 3ರಷ್ಟು ಇದೇ. 1895ರಾಗ ಅಮೆರಿಕದ ಮಿಶಿಗನ್‌ನಾಗ ಆಲ್ಡ್ರೆಡ್ ವಾರ್ತಿನ್ ಅನ್ನೋ ಪೆಥಾಲಜಿಸ್ಟ್ ಹತ್ರ ಬಟ್ಟಿ ಹೊಲಿಯೋ ಹೆಣ್ಣುಮಗಳೊಬ್ಬಾಕಿ, ನಮ್ಮ ಮನಿಯಾಗ ಎಲ್ಲಾರೂ ಕರುಳಿನ ಇಲ್ಲ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಾರ, ನಾನೂ ಹಂಗೇ ಸಾಯ್ತೀನಿ ಅಂದಿದ್ಳಂತ. ಹಂಗೇ ಆಯ್ತು, ಗರ್ಭಕೋಶದ ಕ್ಯಾನ್ಸರಿನಿಂದ ಸಣ್ಣ ವಯಸ್ಸಿನಾಗೇ ಹೋದಳು. ವಾರ್ತಿನ್ ಆಕಿ ಮಾತು ತಳ್ಳಿಹಾಕ್ಲಿಲ್ಲ, ವಂಶವೃಕ್ಷ ಬರ್ದು 1913ರಾಗ ಪ್ರಕಟ ಮಾಡಿದ್ರು. 1960ರ ದಶಕದಾಗ ಹೆನ್ರಿ ಲಿಂಚ್ ಅದನ್ನ ಮುಂದುವರಿಸಿದ್ರು, ಅದಕ್ಕೇ ಆ ಹೆಸರು. ತಂದಿಗೋ ತಾಯಿಗೋ ಇದ್ರ ಪ್ರತಿ ಮಗುವಿಗೂ ಬರೋ ಸಂಭವ ಅರ್ಧಕ್ಕರ್ಧ. ಅಣ್ಣಗ 42ಕ್ಕ ಕರುಳಿಂದು, ಅವ್ವಗ 50ಕ್ಕ ಗರ್ಭಚೀಲದ್ದು, ಸಣ್ಣವ್ವಗ ಅದೇ, ಹಿಂಗಿದ್ರ ಇದು ಹಣೆಬರಹ, ಮನಿ ಶಾಪ ಅಂತ ಸುಮ್ಮನಿರಬ್ಯಾಡ್ರಿ, ಡಾಕ್ಟ್ರ ಮುಂದ ಎಲ್ಲಾ ಬಿಚ್ಚಿ ಹೇಳ್ರಿ. ಸಂಬಂಧ ನೋಡೋವಾಗ ತೊಂದ್ರಿ ಆಗ್ತದ ಅಂತ ಮುಚ್ಚಿಡೋದು ನನಗ ಅರ್ಥ ಆಗ್ತದ, ಆದ್ರ ಮುಚ್ಚಿಟ್ರ ತಂಗಿಗೆ ಕೊಲನೊಸ್ಕೋಪಿ (ಕ್ಯಾಮೆರಾ ನಳಿಗಿ ಹಾಕಿ ದೊಡ್ಡ ಕರುಳು ನೋಡೋದು) ಮಾಡ್ಸೋ ಕಾಲ ತಪ್ಪಿಹೋಗ್ತದ. ಎಂಎಲ್‌ಎಚ್1, ಎಂಎಸ್‌ಎಚ್2 ದೋಷ ಇದ್ದವರಿಗೆ 20ರಿಂದ 25ನೇ ವಯಸ್ಸಿಗೇ ಕೊಲನೊಸ್ಕೋಪಿ ಶುರು ಮಾಡಿ ಒಂದೆರಡು ವರ್ಷಕ್ಕೊಂದು ಸಲ ಮಾಡ್ತಾರ, ಗಡ್ಡಿ ಸಣ್ಣದಿದ್ದಾಗೇ ತೆಗೀತಾರ.

ನಮ್ಮ ಕಡಿ ಸೋದರಮಾವಗ ಕೊಡೋದು, ಅತ್ತಿ ಮಗಳ್ನ ತಗೊಳ್ಳೋದು ನಡ್ಕೊಂಡು ಬಂದದ. ಲಿಂಚ್ ಇರೋ ಮನಿತನದಾಗ ಹಂಗಾದ್ರ ಮಗುವಿಗೆ ಎರಡೂ ಕಡಿಯಿಂದ ಕೆಟ್ಟ ಜೀನ್ ಬರಬಹುದು, ಆಗ ಸಣ್ಣ ವಯಸ್ಸಿನಾಗೇ ಮಿದುಳಿಂದು, ರಕ್ತದ್ದು, ಕರುಳಿಂದು ಕ್ಯಾನ್ಸರ್ ಆಗ್ತದ, ಮೈಮ್ಯಾಲೆ ಹಾಲು ಹಾಕಿದ ಕಾಫಿ ಬಣ್ಣದ ಕಲಿ ಇರ್ತಾವ. ಅಪರೂಪದ್ದು, ಆದ್ರ ನಮ್ಮಂಥ ಕಡಿ ಡಾಕ್ಟ್ರುಗಳ ತಲಿಯಾಗ ಇರ್ಬೇಕಾದ ವಿಷಯ. ಇನ್ನೊಂದು ಒಳ್ಳೆ ಸುದ್ದಿ, ಲಿಂಚ್ ಇದ್ದ 861 ಮಂದಿ ಮ್ಯಾಲೆ ಜಾನ್ ಬರ್ನ್ ಅನ್ನೋರು ಕ್ಯಾಪ್-2 ಟ್ರಯಲ್ ಮಾಡಿ ಸುಮಾರು ಅರ್ಧ ಮಂದಿಗೆ ದಿನಾ 600 ಮಿಲಿಗ್ರಾಂ ಆ್ಯಸ್ಪಿರಿನ್, ಉಳಿದವರಿಗೆ ಔಷಧ ಇಲ್ದ ಸಾದಾ ಗುಳಿಗಿ ಕೊಟ್ರು. 2020ರಾಗ ಬರ್ದ ಲೆಕ್ಕದಾಗ ಕರುಳಿನ ಕ್ಯಾನ್ಸರ್ ಆದವರು ಆ್ಯಸ್ಪಿರಿನ್ ಕಡಿ 9 ಪರ್ಸೆಂಟ್, ಸಾದಾ ಗುಳಿಗಿ ಕಡಿ 13. ಹಂಗಂತ ನಾಳೆಯಿಂದ ನೀವೇ ಶುರು ಮಾಡ್ಕೋಬ್ಯಾಡ್ರಿ, ಹೊಟ್ಟಿಯಾಗ ರಕ್ತ ಹೋಗೋ ಅಪಾಯ ಅದ, ಡಾಕ್ಟ್ರ ಕೇಳ್ರಿ.

ಮೂಲವ್ಯಾಧಿ ಅಂತ ವರ್ಷಗಟ್ಲೆ ಗುಳಿಗಿ, ನಾಟಿ ಔಷಧ ತಗೊಂಡು ಕೊನಿಗೆ ಬರೋವರ ಬಗ್ಗೆ ಒಂದೇ ಮಾತು. ಸಂಡಾಸಿನಾಗ ರಕ್ತ ಬಂದ್ರ ಒಂದು ಸಲ ಸ್ಕೋಪ್ ಹಾಕಿಸ್ರಿ. ಈ ಎಂಎಸ್‌ಐ ಗಡ್ಡಿಗಳು ಹೆಚ್ಚಾಗಿ ಬಲಗಡಿ ಕರುಳಿನಾಗ ಇರ್ತಾವ, ಅಲ್ಲಿ ಕಣ್ಣಿಗೆ ರಕ್ತ ಕಾಣಂಗಿಲ್ಲ, ಬರೀ ಸುಸ್ತು, ರಕ್ತ ಕಡಿಮಿ ಅಂತ ಬರ್ತದ. ವಯಸ್ಸಾದ ಗಂಡಸರಿಗೆ ರಕ್ತ ಕಡಿಮಿ ಆದ್ರ ಬರೀ ಕಬ್ಬಿಣದ ಗುಳಿಗಿ ಕೊಟ್ಟು ಕಳಿಸೋದಲ್ಲ, ಎಲ್ಲಿ ಹೋಗ್ಲಿಕತ್ತದ ಅಂತ ಹುಡುಕ್ಬೇಕು.

ಟ್ರಯಲಿಗೆ ಸೇರಬಹುದೇನ್ರಿ, ನಮ್ಮನ್ನ ಇಲಿ ಮಾಡ್ತಾರೇನು ಅಂತ ಒಬ್ಬ ಹುಡುಗ ಕೇಳಿದ. ಸರಿಯಾದ ಪ್ರಶ್ನೆನೇ ಅದು. ಟ್ರಯಲ್ ಅಂದ್ರ ಉತ್ತರ ಗೊತ್ತಿಲ್ದ ಪ್ರಶ್ನೆ, ಯಾರಾದ್ರೂ ಇದು ಗ್ಯಾರಂಟಿ ಅಂತ ಹೇಳಿ ಸೈನ್ ತಗೊಂಡ್ರ ಅದು ಟ್ರಯಲೇ ಅಲ್ಲ. ನಮ್ಮ ದೇಶದಾಗ ಸಿಟಿಆರ್‌ಐ ಅಂತ ರಿಜಿಸ್ಟ್ರಿ 2007ರಿಂದ ಅದ, 2009ರಿಂದ ಪ್ರತಿ ಔಷಧ ಟ್ರಯಲೂ ಅಲ್ಲಿ ಮೊದ್ಲೇ ನೋಂದಣಿ ಆಗ್ಬೇಕು, ಯಾರ್ ಬೇಕಾದ್ರೂ ಫೋನಿನಾಗೇ ಹುಡುಕಿ ನೋಡಬಹುದು. ಆ ನಂಬರ್ ಕೇಳ್ರಿ, ಪೇಷಂಟಿನ ಹಿತ ಕಾಯೋ ಎಥಿಕ್ಸ್ ಕಮಿಟಿ ಒಪ್ಪಿಗಿ ಅದ ಏನ್ ಕೇಳ್ರಿ, ಫಾರಂ ಕನ್ನಡದಾಗ ಕೊಡ್ರಿ ಅನ್ರಿ, ಮನಿಗೆ ಒಯ್ದು ಓದಿ ಓದ್ಸಿ ಬರ್ತೀವಿ ಅನ್ರಿ. ಟ್ರಯಲಿನಿಂದ ತೊಂದ್ರಿ ಆದ್ರ ಪುಕ್ಕಟ ಚಿಕಿತ್ಸಿ, ಪರಿಹಾರ ಕೊಡ್ಬೇಕು ಅಂತ 2019ರ ರೂಲ್ಸಿನಾಗ ಅದ. ನಡುವೆ ಬ್ಯಾಡ ಅನ್ನಿಸಿದ್ರ ಬಿಟ್ಟು ಬರಬಹುದು, ಅದಕ್ಕ ಮಾಮೂಲಿ ಚಿಕಿತ್ಸಿ ನಿಲ್ಲಿಸೋಂಗಿಲ್ಲ. ನಾನು ಮೊದ್ಲು ಹೇಳಿದ ಎಲ್ಲಾ ನಂಬರ್‌ಗಳ ಹಿಂದನೂ ಹಿಂಗ ಸೈನ್ ಮಾಡಿದವರೇ ಅದಾರ, ಅವರಾಗ ಎಷ್ಟೋ ಮಂದಿಗೆ ಔಷಧ ಹತ್ಲೇ ಇಲ್ಲ, ಆದ್ರೂ ಅವರಿಂದನೇ ನಮಗ ತಿಳೀತು.

ರೊಕ್ಕದ ಮಾತು ಉಳೀತು. ಮುಂಬೈ ಟಾಟಾ ಮೆಮೋರಿಯಲ್‌ನವರು ತಲಿ ಕುತ್ತಿಗಿ ಕ್ಯಾನ್ಸರಿನಾಗ 151 ಮಂದಿ ಮ್ಯಾಲೆ ಒಂದು ಟ್ರಯಲ್ ಮಾಡ್ಯಾರ, ನಿವೊಲುಮ್ಯಾಬ್ ಬರೀ 20 ಮಿಲಿಗ್ರಾಂ, ಮಾಮೂಲಿ ಡೋಸಿನ ಹತ್ತರಾಗ ಒಂದು ಪಾಲಿಗಿಂತ ಕಡಿಮಿ, ಮೂರು ವಾರಕ್ಕೊಮ್ಮೆ, ಬಾಯಿಲೆ ತಗೊಳ್ಳೋ ಔಷಧದ ಜೊತಿಗೆ. ಒಂದು ವರ್ಷಕ್ಕ ಬದುಕಿದ್ದವರು 43.4 ಪರ್ಸೆಂಟ್, ಅದನ್ನ ಕೊಡ್ಲಾರ್ದ ಗುಂಪಿನಾಗ 16.3. ನಮ್ಮ ದೇಶದ ಡಾಕ್ಟ್ರುಗಳು ನಮ್ಮ ಜೇಬು ನೋಡಿ ಕೇಳಿದ ಪ್ರಶ್ನೆ ಇದು, ನನಗ ಇದರ ಮ್ಯಾಲೆ ಭಾಳ ಅಭಿಮಾನ. ಎಂಎಸ್‌ಐ ಕರುಳಿನ ಕ್ಯಾನ್ಸರಿಗೂ ಕಡಿಮಿ ಡೋಸು ಸಾಕಾಗ್ತದೇನು ಅಂತ ಇಂಥಾದ್ದೇ ದೊಡ್ಡ ಟ್ರಯಲ್ ಆಗ್ಬೇಕು, ಆಗೋ ತನಕ ತಲಿ ಕುತ್ತಿಗಿ ಲೆಕ್ಕನ ಕರುಳಿಗೆ ಹಚ್ಚೋದು ಬರಂಗಿಲ್ಲ. ನಿಮ್ಮ ಸರ್ಕಾರಿ ಹೆಲ್ತ್ ಕಾರ್ಡಿನಾಗ ಯಾವ ಔಷಧ, ಯಾವ ಟೆಸ್ಟ್ ಬರ್ತದ ಅಂತ ಅಡ್ಮಿಟ್ ಆಗೋಕಿಂತ ಮುಂಚೆ ಕೌಂಟರಿನಾಗ ಕೇಳ್ರಿ.

ಕಡೀ ಪ್ರಶ್ನೆ ಹಿಂದ ಕುಂತಿದ್ದ ಹಿರಿಯರದ್ದು, ಇಂಥಾ ಟ್ರಯಲ್ ರಾಯಚೂರಿಗೆ ಯಾವಾಗ ಬರ್ತದಪಾ ಅಂತ. ಏಮ್ಸ್ ಬೇಕು ಅಂತ ಈ ಊರಿನ ಮಂದಿ 2022ರಿಂದ ಧರಣಿ ಕುಂತಾರ, ಆ ಟೆಂಟಿನಾಗ ಕುಂತವರ ಪೈಕಿ ಕೆಲವರು ಇಲ್ಲೂ ಬಂದೀರಿ. ಟ್ರಯಲ್ ನಡೀಬೇಕಂದ್ರ ಆಂಕಾಲಜಿಸ್ಟ್ ಬೇಕು, ಎಥಿಕ್ಸ್ ಕಮಿಟಿ ಬೇಕು, ರಾತ್ರಿ ಹನ್ನೆರಡಕ್ಕ ಜುಲಾಬು ಅಂತ ಪೇಷಂಟ್ ಫೋನ್ ಮಾಡಿದ್ರ ಎತ್ತೋರು ಬೇಕು, ಅದಕ್ಕ ದೊಡ್ಡ ಆಸ್ಪತ್ರೆನೇ ಆಗ್ಬೇಕು, ಹೋರಾಟ ಸರಿ ಅದ. ಆದ್ರ ನಾಕು ಆ್ಯಂಟಿಬಾಡಿ ಬಾಟ್ಲಿಗೆ, ಒಳ್ಳೆ ಫಾರ್ಮಲಿನ್‌ಗೆ, ಸರಿಯಾಗಿ ಸ್ಲೈಡ್ ಮಾಡೋ ಒಬ್ಬ ಟೆಕ್ನಿಷಿಯನ್‌ಗೆ ಏಮ್ಸ್ ಬರೋ ತನಕ ಕಾಯ್ಬೇಕಾಗಿಲ್ರಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡಿ ಸರ್ಕಾರಿ ಮೆಡಿಕಲ್ ಕಾಲೇಜ್ ಅದಾವ, ಮೂರಕ್ಕೂ ಸೇರಿ ಒಂದು ಕಡಿ ಆದ್ರೂ ಈ ಟೆಸ್ಟ್ ಪುಕ್ಕಟ ಆಗೋಂಗ ಮಾಡ್ರಿ ಅಂತ ನಾವು ಒಂದು ಮನವಿ ಬರ್ದೀವಿ, ಬಾಗಿಲ ಹತ್ರ ಟೇಬಲ್ ಮ್ಯಾಲೆ ಅದ, ಓದಿ ಒಪ್ಪಿಗಿ ಆದ್ರ ಸೈನ್ ಮಾಡಿ ಹೋಗ್ರಿ. ಮತ್ತೆ ಯಾರ ಮನಿಯಾಗಾದ್ರೂ ಹಳೇ ಪೇಷಂಟ್ ಇದ್ರ, ಮೂರು ನಾಕು ವರ್ಷದ ಹಿಂದಿನ ಬ್ಲಾಕ್ ಆದ್ರೂ ಟೆಸ್ಟಿಗೆ ನಡೀತದ, ಲ್ಯಾಬಿಗೆ ಹೋಗಿ ರಸೀದಿ ತೋರ್ಸಿ ಕೇಳ್ರಿ, ಕೊಡ್ತಾರ.